ನಳಿಗಿನೇ ಮುಂದ ಸರಿಯೋ ಬಂದೂಕ

ಪ್ರಶ್ನೆ: ಸರ್, ನಮ್ಮೂರ ಬ್ಯಾಂಕಿನ ಗಾರ್ಡ್ ಕಾಕಾ ಬಲ್ಲಿ ಡಬಲ್ ಬ್ಯಾರಲ್ ಬಂದೂಕ ಅದ. ರಷ್ಯಾದಾಗ ಪಂಪ್ ಆಕ್ಷನ್ ಬಂದೂಕ ಹ್ಯಾಂಗ ಬೆಳೀತು ಹೇಳ್ರಿ.
– ಓದುಗರೊಬ್ಬರು, ಸೇಡಂ

ಉತ್ತರ: ಛಲೋ ಪ್ರಶ್ನಾ ಕೇಳೀರಿ. ಕಾಕಾರ ಬಂದೂಕದಾಗ ಎರಡೇ ತೋಟಾ, ಹೊಡೆದ ಮ್ಯಾಲ ನಳಿಗಿ ಕೆಳಗ ಬಗ್ಗಿಸಿ ತೆರದು ಮತ್ತ ತುಂಬಬೇಕು. ಪಂಪ್‌ದಾಗ ಹಂಗಲ್ಲ, ನಳಿಗಿ ಕೆಳಗಿನ ಹಿಡಿ ಹಿಂದ ಎಳದ್ರ ಖಾಲಿ ತೋಟಾ ಹೊರಗ ಬೀಳ್ತದ, ಮುಂದ ನೂಕಿದ್ರ ಹೊಸದು ಕೂಡ್ತದ. ಅಮೆರಿಕಾದಾಗ ಇದು 19ನೇ ಶತಮಾನದಾಗೇ ಬಂದಿತ್ತು. ರಷ್ಯಾದಾಗ ಹೆಸರು ಮಾಡಿದ್ದು ಕೆಎಸ್-23 ಅನ್ನೋ ಪಂಪ್ ಬಂದೂಕ, ಇದನ್ನ 1970ರ ದಶಕದಾಗ ಅಲ್ಲಿನ ಒಳಾಡಳಿತ ಸಚಿವಾಲಯದ ಪಡೆಗೋಳ ಸಲುವಾಗಿ, ಗಲಾಟಿ ಹತ್ತಿಕ್ಕಾಕ ಅಂತ ಶುರು ಮಾಡಿದ್ರು, ನಳಿಗಿ ಒಳಗಿನ ಅಗಲ ನೋಡ್ರಿ 23 ಮಿ.ಮೀ., ಅಂದ್ರ ವಿಮಾನ ಹೊಡಿಯೋ ತೋಪಿನ ಅಳತಿ! ನಮ್ಮ ಕಡಿ ಸಾದಾ 12 ಬೋರ್ ಬಂದೂಕಿಂದು ಸುಮಾರು 18.5 ಮಿ.ಮೀ. ಅಷ್ಟೇ. ಮ್ಯಾಲ ಒಳಗ ಸುರುಳಿ ಗೀರು ಬ್ಯಾರೆ, ಸಾದಾ ಶಾಟ್‌ಗನ್‌ಗೆ ಅದು ಇರಂಗಿಲ್ಲ. ಅಶ್ರುವಾಯು ತೋಟಾನೂ ಇದರಾಗ ಹಾರಿಸ್ತಾರ.

ನನಗ ಭಾಳ ಹಿಡಿಸಿದ್ದು ರಷ್ಯಾದ ತುಲಾ ಊರಾಗ ಮಾಡಿದ ಆರ್‌ಎಂಬಿ-93 ಬಂದೂಕ. ಇದರಾಗ ಹಿಡಿ ಜೋಡಿ ನಳಿಗಿನೇ ಮುಂದ ಸರೀತದ, ತೋಟಾ ಕೊಳವಿ ನಳಿಗಿ ಮ್ಯಾಲ ಇರ್ತದ, ಖಾಲಿದು ಕೆಳಗ ಬೀಳ್ತದ, ಹಿಂಗಾಗಿ ಎಡಗೈಯವರಿಗೂ ತ್ರಾಸಿಲ್ಲ. ಎಂಥಾ ತಲಿ ಓಡಿಸ್ಯಾರ ನೋಡ್ರಿ! ರಷ್ಯಾದ ಇನ್ನೊಂದು ಊರು ಇಝೆವ್‌ಸ್ಕ್‌ನವರು ಇಝ್-81, ಆಮ್ಯಾಲ ಎಂಪಿ-133 ತಂದ್ರು, ಅವು ಸಾದಾ ಪಂಪ್ ಪದ್ಧತಿಯವು.