ಸೈಕಲ್ಲಿನ ಡಿಸ್ಕ್ ಬ್ರೇಕ್ ಕಿರುಚುತ್ತದೆ, ಹಿಡಿತವೂ ತಗ್ಗಿದೆ. ಮನೆಯಲ್ಲೇ ಸರಿಪಡಿಸಬಹುದೇ?

ಖಂಡಿತ ಸರಿಪಡಿಸಬಹುದು. ಕಿರುಚಾಟ ಮತ್ತು ಹಿಡಿತದ ಕೊರತೆ ಎರಡೂ ಒಟ್ಟಿಗೆ ಕಾಣಿಸಿಕೊಂಡರೆ ನಾನು ಮೊದಲು ಅನುಮಾನಿಸುವುದು ಎಣ್ಣೆಯನ್ನು. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ಹನಿಯೋ ಡಿಸ್ಕನ್ನು ಮುಟ್ಟಿದ ಬೆರಳಿನ ಜಿಡ್ಡೋ ಸಾಕು. ಶಬ್ದ ನಿಲ್ಲಲೆಂದು ಬ್ರೇಕಿಗೇ ಎಣ್ಣೆ ಬಿಡುವವರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾತ್ರ ಎಂದೂ ಮಾಡಬೇಡಿ.

ಇಳಿಜಾರು ಇಳಿದು ಬಂದ ಕೂಡಲೇ ಡಿಸ್ಕ್ ಮುಟ್ಟಿದರೆ ಕೈ ಸುಡುತ್ತದೆ, ಆರಲು ಬಿಡಿ. ಚಕ್ರ ಬಿಚ್ಚಿ, ಒಗೆದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಡಿಸ್ಕಿನ ಎರಡೂ ಮುಖ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಬಟ್ಟೆಯ ಹೊಸ ಭಾಗ ತಿರುಗಿಸಿಕೊಳ್ಳುತ್ತಾ ಒರೆಸಬೇಕು, ಇಲ್ಲದಿದ್ದರೆ ಅದೇ ಜಿಡ್ಡನ್ನು ಮತ್ತೆ ಬಳಿದಂತಾಗುತ್ತದೆ. ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್ ಆಗಿದ್ದರೆ ಚಕ್ರ ಹೊರಗಿರುವಾಗ ಲಿವರ್ ಒತ್ತಬೇಡಿ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳನ್ನು ತಳ್ಳುವ ಪಿಸ್ಟನ್‌ಗಳು ಮುಂದಕ್ಕೆ ಬಂದು ಡಿಸ್ಕ್ ಮತ್ತೆ ಒಳಗೆ ಹೋಗುವುದೇ ಇಲ್ಲ. ಪ್ಯಾಡ್‌ಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿಟ್ಟರೆ ನಿಶ್ಚಿಂತೆ.

ನಂತರ ಪ್ಯಾಡ್‌ಗಳನ್ನು ಹೊರತೆಗೆದು ನೋಡಿ. ಮುಖ ಗಾಜಿನಂತೆ ಹೊಳೆಯುತ್ತಿದ್ದರೆ, ಸಮತಟ್ಟಾದ ಜಾಗದಲ್ಲಿ ಮರಳು ಕಾಗದ ಹಾಸಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಕಾಗದ ಒದ್ದೆ ಮಾಡಿಕೊಂಡರೆ ದೂಳು ಉಸಿರಿಗೆ ಹೋಗುವುದಿಲ್ಲ. ಎಣ್ಣೆ ಆಳಕ್ಕೆ ಇಳಿದಿದ್ದರೆ ಉಜ್ಜಿಯೂ ಪ್ರಯೋಜನವಿಲ್ಲ. ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುವ ಉಪಾಯವನ್ನು ನಾನು ಒಪ್ಪುವುದಿಲ್ಲ. ನಿಮ್ಮ ಜೀವ ನಿಂತಿರುವುದು ಆ ಪ್ಯಾಡಿನ ಮೇಲೆ, ಹೊಸದನ್ನೇ ಹಾಕಿ. ಶಿಮಾನೊ ಕಂಪನಿಯ ಪ್ಯಾಡ್‌ಗಳಲ್ಲಿ ಉಜ್ಜುವ ಪದರ 0.5 ಮಿ.ಮೀ.ಗೆ ಇಳಿದರೂ ಬದಲಿಸಲೇಬೇಕು.

ಡಿಸ್ಕ್ ಕೂಡ ಸವೆಯುತ್ತದೆ. ಹಲವು ಡಿಸ್ಕ್‌ಗಳ ಮೇಲೆ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಶಿಮಾನೊದವು ಹೊಸದರಲ್ಲಿ 1.8 ಮಿ.ಮೀ., 1.5ಕ್ಕೆ ಇಳಿದರೆ ಆಯುಷ್ಯ ಮುಗಿದಂತೆ. ಅಳೆಯುವಾಗ ಒಂದು ಎಚ್ಚರ: ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಪ್ಪವಾಗಿಯೇ ಉಳಿದಿರುತ್ತದೆ. ದಪ್ಪ ಅಳೆಯುವ ಕ್ಯಾಲಿಪರ್ಸ್ ಸಾಧನವನ್ನು ಆ ಅಂಚನ್ನೂ ಸೇರಿಸಿ ಹಿಡಿದರೆ ಅಳತೆ ಹೆಚ್ಚು ತೋರಿಸುತ್ತದೆ. ಉಗುರನ್ನು ಒಳಗಿನಿಂದ ಅಂಚಿನ ಕಡೆಗೆ ಸರಿಸಿದರೆ ಆ ಮೆಟ್ಟಿಲು ತಡೆಯುವುದು ಗೊತ್ತಾಗುತ್ತದೆ. ಆಮೇಲೆ ಆ ಜಾಗವನ್ನು ಇನ್ನೊಮ್ಮೆ ಒರೆಸಿ.

ಹೊಸ ಪ್ಯಾಡ್ ಹಾಕಿದ ಮೇಲೆ ಬಹಳ ಜನ ಬಿಟ್ಟುಬಿಡುವ ಹೆಜ್ಜೆಯೊಂದಿದೆ. ವಾಹನಗಳಿಲ್ಲದ ಜಾಗದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗಕ್ಕೆ ಹೋಗಿ, ಚಕ್ರ ಜಾಮ್ ಆಗದಂತೆ ಬ್ರೇಕ್ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಹೀಗೆ ಹತ್ತಿಪ್ಪತ್ತು ಬಾರಿ ಮಾಡಿದರೆ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಹಿಡಿತ ಹುಟ್ಟುವುದು ಆಗಲೇ. ಆಲ್ಕೋಹಾಲ್‌ನಿಂದ ಚೆನ್ನಾಗಿ ತೊಳೆದ ಡಿಸ್ಕಿಗೂ ಇದು ಬೇಕು.

ಬ್ರೇಕ್ ಹಿಡಿಯದಿದ್ದಾಗಲೂ ಉಜ್ಜುವ ಸದ್ದು ಬಂದರೆ ಕಾರಣ ಬೇರೆ. ಸದ್ದು ಬಿಡದೆ ಬರುತ್ತಿದ್ದರೆ ಬ್ರೇಕಿನ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಹಿಡಿದಿರುವ ಭಾಗ, ಓರೆಯಾಗಿದೆ. ಅದರ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಗಟ್ಟಿಯಾಗಿ ಹಿಡಿದುಕೊಂಡೇ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕ್ಯಾಲಿಪರ್ ಹಿಂದೆ ಬಿಳಿ ಕಾಗದ ಹಿಡಿದು ನೋಡಿದರೆ ಎರಡೂ ಬದಿಯ ಬೆಳಕಿನ ಗೆರೆ ಸಮವಿದೆಯೇ ಎಂದು ಕಾಣುತ್ತದೆ. ಸುತ್ತಿಗೊಮ್ಮೆ ಮಾತ್ರ ಉಜ್ಜಿದರೆ ಡಿಸ್ಕ್ ಬಾಗಿದೆ.

ಕೇಬಲ್ ಬ್ರೇಕ್‌ಗಳಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಸವೆದಂತೆಲ್ಲ ಕೇಬಲ್ಲನ್ನಷ್ಟೇ ಎಳೆಯುತ್ತಾ ಹೋಗದೆ, ಒಳಗಿನ ಪ್ಯಾಡನ್ನೂ ಅದರ ತಿರುಪಿನಿಂದ ಡಿಸ್ಕಿನ ಹತ್ತಿರ ತನ್ನಿ.

ಹೈಡ್ರಾಲಿಕ್ ಲಿವರ್ ಮೆತ್ತಗಾಗಿದ್ದರೆ ಒಳಗೆ ಗಾಳಿ ಸೇರಿದೆ, ದ್ರವ ಬದಲಿಸಿ ಗಾಳಿ ತೆಗೆಯಬೇಕು. ಶಿಮಾನೊಗೆ ಮಿನರಲ್ ಆಯಿಲ್, ಹಳೆಯ ಸ್ರ್ಯಾಮ್ ಬ್ರೇಕ್‌ಗಳಿಗೆ ಡಾಟ್ (DOT) ಎಂಬ ಬೇರೆ ಬಗೆಯ ಬ್ರೇಕ್ ದ್ರವ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಒಳಗಿನ ಸೀಲ್‌ಗಳು ಕೆಡುತ್ತವೆ. ಸರಿಯಾದ ಕಿಟ್ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬರುತ್ತಿದ್ದರೆ ಅಲ್ಲಿಗೂ ಸೈಕಲ್ ತುಳಿಯದೆ ತಳ್ಳಿಕೊಂಡೇ ಹೋಗಿ.