ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಯುವ ಸೆಂಟರ್‌ಗಳಲ್ಲಿ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರರಲ್ಲಿ) ಯಾರು ಬೆಸ್ಟ್? ಧಾರವಾಡದಲ್ಲಿ ಕಾಲೇಜು ತಂಡಕ್ಕೆ ಸೆಂಟರ್ ಆಡುತ್ತೇನೆ, ಯಾರ ಆಟ ನೋಡಿ ಕಲಿಯಬೇಕು?

ಮೊದಲನೇ ಜಾಗ ವಿಕ್ಟರ್ ವೆಂಬನ್ಯಾಮಾನದು, ಅದರಲ್ಲಿ ವಾದವೇ ಇಲ್ಲ. 2023ರಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮೊದಲ ಆಯ್ಕೆಯಾಗಿ ಕರೆದುಕೊಂಡ ಫ್ರಾನ್ಸ್ ಹುಡುಗ. ಮೊದಲ ಸೀಸನ್ನಿನಲ್ಲೇ ಪಂದ್ಯಕ್ಕೆ ಸರಾಸರಿ 3.6 ಬ್ಲಾಕ್ ಮಾಡಿ (ಎದುರಾಳಿಯ ಶಾಟ್ ತಡೆದು) ಲೀಗ್‌ಗೇ ಮುಂದಿದ್ದ. ಅವನು ಬುಟ್ಟಿಯ ಕೆಳಗೆ ನಿಂತರೆ ಎದುರಾಳಿಗಳು ಒಳಗೆ ನುಗ್ಗುವುದನ್ನೇ ಬಿಟ್ಟು ಚೆಂಡನ್ನು ಹೊರಗೆ ಕೊಡುತ್ತಾರೆ, ಇದು ಬ್ಲಾಕ್‌ಗಳ ಲೆಕ್ಕದಲ್ಲಿ ಕಾಣಲ್ಲ.

ಎರಡನೆಯವನು ಹ್ಯೂಸ್ಟನ್ ರಾಕೆಟ್ಸ್‌ನ ಆಲ್ಪೆರೆನ್ ಶೆಂಗುನ್. ನೀವು ಕಲಿಯಬೇಕಾದದ್ದು ಇವನ ಆಟದಿಂದ. ವೆಂಬನ್ಯಾಮಾನ 7 ಅಡಿ 4 ಇಂಚು ಎತ್ತರ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗೂ ಬರಲ್ಲ, ಆದರೆ ಶೆಂಗುನ್‌ನ ಕಾಲಿನ ಚಲನೆ ಅಭ್ಯಾಸದಿಂದ ಬರುತ್ತದೆ ಅಲ್ವಾ? ಬೆನ್ನು ಕೊಟ್ಟು ನಿಂತು, ಒಂದು ಕಡೆ ಭುಜ ತೋರಿಸಿ, ಡಿಫೆಂಡರ್ ಆ ಕಡೆ ವಾಲಿದ ಕೂಡಲೇ ಇನ್ನೊಂದು ಕಡೆ ತಿರುಗುತ್ತಾನೆ, ಅಷ್ಟರಲ್ಲಿ ಇಬ್ಬರು ಮೈಮೇಲೆ ಬಂದರೆ ಸುಮ್ನೆ ಶಾಟ್ ಹೊಡೆಯದೆ ಖಾಲಿ ನಿಂತವನಿಗೆ ಪಾಸ್ ಕೊಡುತ್ತಾನೆ. ನಮ್ಮ ಕಡೆ ಭಾಳ ಮಂದಿ ಕೋಚ್‌ಗಳು ಎತ್ತರದ ಹುಡುಗರಿಗೆ ಪಾಸ್ ಕಲಿಸುವುದೇ ಇಲ್ಲ, ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು) ಹಿಡಿ ಅಂತಾರೆ ಅಷ್ಟೇ. ಅದು ನನಗೆ ನಿಜವಾಗಿ ಬೇಸರದ ವಿಷಯ.

ಮೂರನೆಯವನು ಒಕ್ಲಹೋಮ ಸಿಟಿಯ ಚೆಟ್ ಹೋಮ್‌ಗ್ರೆನ್. ಪಾದದ ಗಾಯದಿಂದ ಮೊದಲ ಸೀಸನ್ ಪೂರ್ತಿ ಹೋಯಿತು, 2025ರಲ್ಲಿ ಚಾಂಪಿಯನ್ ತಂಡದಲ್ಲಿದ್ದ. ಮೈಕಟ್ಟು ತೆಳು, ಆದರೂ ಬ್ಲಾಕ್ ಮಾಡುತ್ತಾನೆ, ದೂರದಿಂದಲೂ ಹೊಡೆಯುತ್ತಾನೆ. ಡೆಟ್ರಾಯ್ಟ್‌ನ ಜೇಲನ್ ಡ್ಯೂರನ್ ನಾಲ್ಕನೆಯವನು. ರಿಬೌಂಡ್‌ಗೆ ಜಾಗ ಹಿಡಿಯುವುದು ಹೇಗೆ ಅಂತ ನೋಡಬೇಕಾದರೆ ಇವನನ್ನು ನೋಡಿ.