ಸೆಕೆಂಡಿಗೆ 24 ಚಿತ್ರ ಬಿಡಿಸಿದರೂ ಮುಧೋಳ ನಾಯಿ ತೇಲುತ್ತಿದೆ, ಯಾಕೆ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಟ್ಯಾಬ್‌ನಲ್ಲಿ ಒಂದೊಂದೇ ಚಿತ್ರ ಬಿಡಿಸಿ ಹತ್ತು ಸೆಕೆಂಡಿನ ಅನಿಮೇಷನ್ ಮಾಡಿದ್ದೇನೆ. ಮುಧೋಳ ನಾಯಿ ಹೊಲದ ಬದುವಿನ ಮೇಲೆ ನಿಂತಿರುತ್ತದೆ, ಕಿವಿ ನಿಮಿರಿಸುತ್ತದೆ, ಮೊಲದ ಹಿಂದೆ ಓಡುತ್ತದೆ. ಸೆಕೆಂಡಿಗೆ 24ರಂತೆ 240 ಚಿತ್ರ ಆದವು. ಆದರೂ ನಾಯಿ ನೀರಿನಲ್ಲಿ ತೇಲಿದ ಹಾಗೆ ಕಾಣುತ್ತದೆ. 12 ಸಾಕಿತ್ತು ಅಂತ ಗೆಳೆಯ ಹೇಳುತ್ತಾನೆ. ಯಾವುದು ಸರಿ ಸರ್?

ಉತ್ತರ: ನಿಂತ ನಾಯಿಗೆ 12 ಸಾಕು, ಓಡುವ ನಾಯಿಗೆ ಸಾಲದು. ಹಾಗಾಗಿ ಗೆಳೆಯ ಹೇಳಿದ್ದು ಅರ್ಧ ಸರಿ. ಆದರೆ ನಿಮ್ಮ ನಾಯಿ ತೇಲುತ್ತಿರುವುದು ಬೇರೆ ಕಾರಣಕ್ಕೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಸಿನಿಮಾಕ್ಕೆ ಮಾತು ಬಂದ ಕಾಲದಿಂದ, ಅಂದರೆ 1920ರ ದಶಕದ ಕೊನೆಯಿಂದ, ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದಾದ ಮೇಲೊಂದು ಬರುವ 24 ಬಿಡಿ ನೋಟ, ರೂಢಿ. ಪ್ರತಿ ಫ್ರೇಮಿಗೂ ಹೊಸ ಚಿತ್ರ ಇಟ್ಟರೆ ಆನ್ ಒನ್ಸ್. ಒಂದೇ ಚಿತ್ರ ಎರಡು ಫ್ರೇಮ್ ನಿಂತರೆ ಆನ್ ಟೂಸ್, ನಿಮ್ಮ ಗೆಳೆಯ ಹೇಳಿದ 12 ಇದೇ. ಮೂರಾದರೆ ತ್ರೀಸ್, ಸೆಕೆಂಡಿಗೆ ಎಂಟೇ ಚಿತ್ರ. 1963ರಲ್ಲಿ ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ತಂಡಕ್ಕೆ ಟಿವಿಗಾಗಿ ವಾರಕ್ಕೊಂದು ಕಂತು ಬಿಡಿಸುವ ಕೆಲಸ ಬಂತು. ಅವರು ತ್ರೀಸ್ ಹಿಡಿದರು, ಎಷ್ಟೋ ಕಡೆ ಬರೀ ಬಾಯಿ ಆಡಿಸಿದರು. ದುಡ್ಡು, ಸಮಯ ಉಳಿಸಲು ಮಾಡಿದ್ದೇ ಮುಂದೆ ಅಲ್ಲಿನ ಅನಿಮೇಷನ್ನಿನ ಚಹರೆ ಆಯಿತು. ಕಡಿಮೆ ಚಿತ್ರ ಅಂದರೆ ಕಳಪೆ ಅಂತ ದಯವಿಟ್ಟು ತಿಳಿಯಬೇಡಿ.

ಈಗ ನಿಮ್ಮ ನಾಯಿಯ ಕಿವಿ ನೋಡೋಣ. ಮಲಗಿದ ಕಿವಿ ಒಂದು ಚಿತ್ರ, ಎದ್ದ ಕಿವಿ ಒಂದು ಚಿತ್ರ, ನಡುವಿನವನ್ನು ನೀವು ಸ್ಕೇಲ್ ಇಟ್ಟು ಅಳೆದಂತೆ ಸಮ ಅಂತರದಲ್ಲಿ ತುಂಬಿರುತ್ತೀರಿ, ಅಲ್ವಾ? ಹೊಸಬರು ಎಲ್ಲರೂ ಹೀಗೇ ಮಾಡುತ್ತಾರೆ, ತೇಲುವಿಕೆ ಹುಟ್ಟುವುದೂ ಇಲ್ಲೇ. ಜೀವ ಇರುವ ಯಾವುದೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಕಿವಿಯ ಮೊದಲ ಎರಡು ಚಿತ್ರ ಒಂದಕ್ಕೊಂದು ಅಂಟಿದ ಹಾಗೆ ಹತ್ತಿರ ಇರಲಿ, ಆಮೇಲೆ ಒಂದೇ ದೊಡ್ಡ ಜಿಗಿತ, ಕೊನೆಯ ಮೂರು ಮತ್ತೆ ಹತ್ತಿರ. ಐದೇ ಚಿತ್ರ, ಟೂಸ್‌ನಲ್ಲಿ ಇಡಿ. ಕಿವಿ ಚಟ್ಟನೆ ಎದ್ದು ನಿಲ್ಲುತ್ತದೆ.

ಓಟಕ್ಕೆ ಬನ್ನಿ. ಇಲ್ಲಿ ಟೂಸ್ ಕೈಕೊಡುತ್ತದೆ. ಮುಧೋಳ ಕಣ್ಣಿನಿಂದ ಬೇಟೆ ಹುಡುಕುವ ಜಾತಿ. ಇಂಥ ನಾಯಿ ಪೂರ್ತಿ ವೇಗದಲ್ಲಿ ಓಡುವಾಗ ಒಂದು ಸುತ್ತು ಹೆಜ್ಜೆಯಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಒಮ್ಮೆ ಮೈ ಬಿಲ್ಲಿನಂತೆ ಬಾಗಿ ಕಾಲು ಹೊಟ್ಟೆಯ ಕೆಳಗೆ ಸೇರಿರುತ್ತವೆ, ಇನ್ನೊಮ್ಮೆ ಮೈ ಉದ್ದಕ್ಕೆ ಚಾಚಿರುತ್ತದೆ. ಸೆಕೆಂಡಿಗೆ ಮೂರು ಸುತ್ತು ಅಂತ ಹಿಡಿದರೆ ಒಂದು ಸುತ್ತಿಗೆ ಸಿಗುವುದು 8 ಫ್ರೇಮ್. ಟೂಸ್ ಅಂದರೆ ನಾಲ್ಕೇ ಚಿತ್ರ. ಚಾಚಿದ್ದು, ನೆಲ ಮುಟ್ಟಿದ್ದು, ಬಾಗಿದ್ದು, ಮತ್ತೆ ನೆಲ ಮುಟ್ಟಿದ್ದು, ಮುಗಿಯಿತು. ಚಿತ್ರದಿಂದ ಚಿತ್ರಕ್ಕೆ ಕಾಲು ಇಷ್ಟು ದೂರ ಹಾರಿದರೆ ಕಣ್ಣು ಅದನ್ನು ಜೋಡಿಸಿಕೊಳ್ಳುವುದಿಲ್ಲ, ಬಿಡಿಬಿಡಿ ಕಾಲುಗಳು ಮಿನುಗಿದಂತೆ ಕಾಣುತ್ತದೆ. ಬನಹಟ್ಟಿಯ ಕೈಮಗ್ಗ ಬಿಡಿಸುವಾಗ ನನಗೂ ಇದೇ ಆಗಿತ್ತು. ಲಾಳಿಯನ್ನು ಟೂಸ್‌ನಲ್ಲಿ ಓಡಿಸಿದೆ, ಒಂದರ ಬದಲು ಮೂರು ಲಾಳಿ ಕಂಡವು. ಒನ್ಸ್‌ಗೆ ಬಂದು, ನಡುವಿನ ಒಂದು ಫ್ರೇಮಿನಲ್ಲಿ ಲಾಳಿಯನ್ನು ಉದ್ದಕ್ಕೆ ಎಳೆದು ಬಿಡಿಸಿದ ಮೇಲೆ ಸರಿಹೋಯಿತು. ಆದ್ದರಿಂದ ಓಟ ಪೂರ್ತಿ ಒನ್ಸ್. ಎಂಟು ಚಿತ್ರ ಚೆನ್ನಾಗಿ ಬಿಡಿಸಿ ಅವನ್ನೇ ಮತ್ತೆ ಮತ್ತೆ ತಿರುಗಿಸಿ, ನೂರು ಬೇಡ.

ನಿಂತಿರುವ ಭಾಗದಲ್ಲಿ ಗೆರೆಗಳು ಬುಳುಬುಳು ಅನ್ನುತ್ತಿರಬೇಕು. ಅಲುಗದ ನಾಯಿಯನ್ನು ಫ್ರೇಮ್ ಫ್ರೇಮಿಗೂ ಹೊಸದಾಗಿ ಬಿಡಿಸಿದರೆ ಕೈಯ ನಡುಕವೆಲ್ಲ ಸೆಕೆಂಡಿಗೆ 24 ಸಲ ಕಾಣುತ್ತದೆ. ಅದೇ ನಿಲುವನ್ನು ಮೂರು ಸಲ ಮಾತ್ರ ಬಿಡಿಸಿ, ತ್ರೀಸ್‌ನಲ್ಲಿ ಸುತ್ತಿಸಿ. ಗೆರೆ ಮೆಲ್ಲಗೆ ಉಸಿರಾಡಿದ ಹಾಗಿರುತ್ತದೆ. ಕೈಯಿಂದ ಬಿಡಿಸಿದ್ದರ ಚೆಂದ ಇರುವುದೇ ಅಲ್ಲಿ, ನನಗಂತೂ ಅದು ತುಂಬಾ ಇಷ್ಟ.

ಇನ್ನೊಂದು ಮುಖ್ಯ. ಕ್ಯಾಮೆರಾ ನಾಯಿಯ ಜೊತೆ ಸರಿಯುತ್ತಿದ್ದು, ಹೊಲ ಪ್ರತಿ ಫ್ರೇಮಿಗೂ ಹಿಂದೆ ಹೋಗುತ್ತಾ, ನಾಯಿ ಮಾತ್ರ ಟೂಸ್‌ನಲ್ಲಿದ್ದರೆ ಪಾದ ನೆಲದ ಮೇಲೆ ಜಾರುತ್ತದೆ. ಎರಡೂ ಒಂದೇ ಲೆಕ್ಕದಲ್ಲಿರಬೇಕು.

ಕೊನೆಗೆ ವಿಡಿಯೊ ಫೈಲ್ ಮಾಡಿ ಹೊರತೆಗೆಯುವಾಗ ಸೆಟ್ಟಿಂಗ್ ಸೆಕೆಂಡಿಗೆ 30 ಫ್ರೇಮ್ ಇದೆಯಾ ನೋಡಿ. ಇದ್ದರೆ 24ಕ್ಕೆ ಇಳಿಸಿ. ಇಲ್ಲದಿದ್ದರೆ ನಾಲ್ಕು ಫ್ರೇಮಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬಂದು ಓಟ ಎಡವುತ್ತದೆ.

ನೀವು ಬಿಡಿಸಿದ ಚಿತ್ರಗಳನ್ನು ಎಸೆಯಬೇಡಿ. ಓಟದ ಎಂಟನ್ನು ಮಾತ್ರ ಬೇರೆ ತೆಗೆದು, ಬಾಲ ಅಳಿಸಿ, ಸುಮ್ನೆ ತಿರುಗಿಸಿ ನೋಡಿ. ಕಾಲು, ಬೆನ್ನು ಸರಿ ಅನ್ನಿಸಿದ ಮೇಲೆ ಬಾಲ ಬಿಡಿಸಿ, ಸೊಂಟಕ್ಕಿಂತ ಎರಡು ಫ್ರೇಮ್ ತಡವಾಗಿ ಬರುವ ಹಾಗೆ.